ಬರೆದರೆ ಸಾಲದು, ತಲುಪಬೇಕು

ಪತ್ರಕರ್ತ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಪುಟ್ಟ ಪುಸ್ತಕ, ಜೇಬಿನಲ್ಲೊಂದು ಪೆನ್ನು. ಮಗನೋ ಮಗಳೋ ಪತ್ರಿಕೋದ್ಯಮ ಓದುತ್ತೇನೆ ಎಂದಾಗ ಹೆತ್ತವರು ಕೇಳುವ ಮೊದಲ ಪ್ರಶ್ನೆಯೂ ಈ ಚಿತ್ರದಿಂದಲೇ ಹುಟ್ಟುತ್ತದೆ: ‘ನಿನಗೆ ಬರೆಯಲು ಬರುತ್ತದೆಯೇ?’

ಪ್ರಶ್ನೆ ಸರಿಯಾದದ್ದೇ. ಬರೆಯಲು ಬಾರದವರಿಗೆ ಈ ವೃತ್ತಿಯಲ್ಲಿ ಜಾಗ ಇಲ್ಲ. ಆದರೆ ಪತ್ರಿಕೋದ್ಯಮದ ಸ್ನಾತಕೋತ್ತರ ತರಗತಿಯಲ್ಲಿ ಎರಡನೇ ವರ್ಷ ಕಳೆಯುತ್ತಿರುವ ನನಗೆ ಈಗ ಆ ಪ್ರಶ್ನೆಯ ಬೆನ್ನಿಗೇ ಇನ್ನೆರಡು ಪ್ರಶ್ನೆಗಳು ಕಾಣತೊಡಗಿವೆ. ಬರೆದದ್ದನ್ನು ಪುಟದ ಮೇಲೆ ಸರಿಯಾಗಿ ಇಡಲು ಬರುತ್ತದೆಯೇ? ಇಟ್ಟದ್ದು, ಬೇಕಾದವರು ಹುಡುಕಿದಾಗ ಸಿಗುತ್ತದೆಯೇ?

ಮೊದಲನೆಯದು ವಿನ್ಯಾಸದ ಪ್ರಶ್ನೆ. ಎರಡನೆಯದು ಅಂತರಜಾಲದಲ್ಲಿ ನಮ್ಮ ಇರುವಿಕೆಯ ಪ್ರಶ್ನೆ. ಇವೆರಡರ ಬಗ್ಗೆಯೂ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಬರೆಯುವುದು ಕಲಿ ಎಂದು ಕಳುಹಿಸಿದರೆ ಕಂಪ್ಯೂಟರ್ ಮುಂದೆ ಕುಳಿತು ಬಣ್ಣ ಬಳಿಯುತ್ತಿದ್ದಾಳೆ’ ಎಂಬ ಬೇಸರ ಒಂದು. ಸಾವಿರಾರು ರೂಪಾಯಿ ಶುಲ್ಕ ಕಟ್ಟಿ ಯಾವುದಾದರೂ ಸಾಫ್ಟ್‌ವೇರ್ ತರಗತಿಗೆ ಸೇರಿಸಿಬಿಟ್ಟರೆ ಕೆಲಸ ಗ್ಯಾರಂಟಿ ಎಂಬ ನಂಬಿಕೆ ಇನ್ನೊಂದು. ಎರಡೂ ಅರ್ಧ ಸತ್ಯಗಳೇ. ವಿನ್ಯಾಸ ಬಣ್ಣ ಬಳಿಯುವ ಕೆಲಸವೂ ಅಲ್ಲ, ಸಾಫ್ಟ್‌ವೇರಿನ ಕೆಲಸವೂ ಅಲ್ಲ. ಹಾಗಾದರೆ ಮತ್ತೇನು?

ಅಲಂಕಾರವಲ್ಲ, ಅರ್ಥ

ಒಂದು ಕಲ್ಪಿತ ಶೀರ್ಷಿಕೆಯನ್ನು ನೋಡೋಣ. ‘ಬರ ಪರಿಹಾರ ಇಲ್ಲ ಎಂದವರಿಗೆ ಸಚಿವರ ಉತ್ತರ’. ಇದನ್ನು ಎರಡು ಸಾಲು ಮಾಡಬೇಕು. ಮೊದಲ ಸಾಲಿನಲ್ಲಿ ದೊಡ್ಡ ಅಕ್ಷರದಲ್ಲಿ ‘ಬರ ಪರಿಹಾರ ಇಲ್ಲ’ ಎಂದಿಟ್ಟು ಉಳಿದದ್ದನ್ನು ಕೆಳಗೆ ಸಣ್ಣದಾಗಿ ಇಟ್ಟರೆ ಏನಾಯಿತು? ಬಸ್ ನಿಲ್ದಾಣದ ಅಂಗಡಿಯಲ್ಲಿ ನೇತು ಹಾಕಿದ ಪತ್ರಿಕೆಯ ಮೇಲೆ ಕಣ್ಣಾಡಿಸಿದ ರೈತ ಪರಿಹಾರ ಬರುವುದಿಲ್ಲ ಎಂದುಕೊಂಡೇ ಊರಿಗೆ ಹೋಗುತ್ತಾನೆ. ವರದಿಗಾರ ತಪ್ಪು ಬರೆದಿಲ್ಲ. ಒಂದು ಪದವೂ ಬದಲಾಗಿಲ್ಲ. ಸಾಲು ಮುರಿದ ಜಾಗ ಮಾತ್ರ ತಪ್ಪು. ಸುದ್ದಿ ತಲೆಕೆಳಗಾಯಿತು.

ಇನ್ನೊಂದು ಸಂದರ್ಭ. ಪುಟದ ಒಂದು ಕಾಲಂನಲ್ಲಿ ವಂಚನೆ ಪ್ರಕರಣದ ಬಂಧನದ ಸುದ್ದಿ. ಪಕ್ಕದ ಕಾಲಂನಲ್ಲಿ ನಿವೃತ್ತರಾದ ಮೇಷ್ಟರೊಬ್ಬರ ಭಾವಚಿತ್ರ. ನಡುವೆ ಗೆರೆಯಿಲ್ಲ, ಬಿಳಿ ಜಾಗವಿಲ್ಲ, ಚಿತ್ರದ ಕೆಳಗೆ ಹೆಸರಿಲ್ಲ. ಓದುಗ ಏನೆಂದುಕೊಳ್ಳಬೇಕು? ಹತ್ತಿರವಿದ್ದವು ಒಂದಕ್ಕೊಂದು ಸೇರಿದವು ಎಂದು ತಿಳಿಯುವುದು ಕಣ್ಣಿನ ಸಹಜ ಗುಣ. ಆ ಮೇಷ್ಟರ ಮಾನವನ್ನು ಕಾಯುವುದು ಒಂದು ತೆಳುವಾದ ಗೆರೆ. ಆ ಗೆರೆ ಎಳೆಯುವುದೇ ವಿನ್ಯಾಸ.

ಇದು ಪತ್ರಿಕೆಗಳಿಗಷ್ಟೇ ಸೀಮಿತವಾದ ಮಾತಲ್ಲ. 2000ದ ನವೆಂಬರ್‌ನಲ್ಲಿ ನಡೆದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯನ್ನು ನೆನಪಿಸಿಕೊಳ್ಳಿ. ಫ್ಲಾರಿಡಾ ರಾಜ್ಯದ ಪಾಮ್ ಬೀಚ್ ಕೌಂಟಿಯಲ್ಲಿ, ವಯಸ್ಸಾದ ಮತದಾರರಿಗೆ ಅಕ್ಷರ ದೊಡ್ಡದಾಗಿ ಕಾಣಲಿ ಎಂಬ ಸದುದ್ದೇಶದಿಂದ ಅಭ್ಯರ್ಥಿಗಳ ಹೆಸರುಗಳನ್ನು ಎದುರುಬದುರಾಗಿ ಎರಡು ಪುಟಗಳಲ್ಲಿ ಅಚ್ಚು ಹಾಕಿದ್ದರು. ರಂಧ್ರ ಮಾಡಬೇಕಾದ ಗುರುತುಗಳು ಮಾತ್ರ ನಡುವೆ ಒಂದೇ ಸಾಲಿನಲ್ಲಿದ್ದವು. ಎಡಬದಿಯಲ್ಲಿ ಎರಡನೆಯ ಹೆಸರಾಗಿದ್ದ ಅಲ್ ಗೋರ್ ಅವರಿಗೆ ಸೇರಿದ್ದು ಮೂರನೆಯ ಗುರುತು; ಎರಡನೆಯ ಗುರುತು ಬಲಬದಿಯ ಪ್ಯಾಟ್ರಿಕ್ ಬ್ಯುಕ್ಯಾನನ್ ಅವರದು. ಗೋರ್ ಅವರಿಗೆ ಮತ ಹಾಕಲು ಬಂದವರಲ್ಲಿ ಅನೇಕರು ಗೊಂದಲಕ್ಕೆ ಬಿದ್ದು ಬ್ಯುಕ್ಯಾನನ್ ಅವರ ಗುರುತಿಗೆ ರಂಧ್ರ ಮಾಡಿದರು. ಕೊನೆಗೆ ಇಡೀ ಫ್ಲಾರಿಡಾ ರಾಜ್ಯವನ್ನು ಜಾರ್ಜ್ ಬುಷ್ ಅವರು ಗೆದ್ದ ಅಧಿಕೃತ ಅಂತರ ಕೇವಲ 537 ಮತ. ಅದರೊಂದಿಗೇ ಅಧ್ಯಕ್ಷ ಪದವಿಯೂ ಅವರದಾಯಿತು. ಪುಟದ ಮೇಲೆ ಯಾವುದು ಎಲ್ಲಿರಬೇಕು ಎಂಬುದು ಎಷ್ಟು ದೊಡ್ಡ ಪ್ರಶ್ನೆಯಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕಲ್ಲಚ್ಚಿನಿಂದ ಕಂಪ್ಯೂಟರಿಗೆ

ಹಾಗಿದ್ದರೆ ಹಿಂದಿನ ವರದಿಗಾರರು ಇದನ್ನೆಲ್ಲ ಕಲಿತಿದ್ದರೇ ಎಂದು ಯಾರಾದರೂ ಕೇಳಬಹುದು. ಕಲಿಯುವ ಅಗತ್ಯ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಆ ಕೆಲಸಕ್ಕೆ ಬೇರೆಯೇ ಕೈಗಳಿದ್ದವು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಅದು ಕಲ್ಲಚ್ಚಿನಲ್ಲಿ ಮುದ್ರಣವಾದ ಪತ್ರಿಕೆ. ಮುಂದೆ ಸೀಸದ ಮೊಳೆಗಳ ಕಾಲ ಬಂತು. ಒಂದೊಂದೇ ಅಕ್ಷರವನ್ನು ಖಾನೆಯಿಂದ ಆರಿಸಿ ಜೋಡಿಸುವವರು ಬೇರೆ, ಕರಡು ತಿದ್ದುವವರು ಬೇರೆ, ಪುಟ ಕಟ್ಟುವವರು ಬೇರೆ. ಆಮೇಲೆ ಬ್ರೋಮೈಡ್ ಹಾಳೆಗಳನ್ನು ಕತ್ತರಿಸಿ ಅಂಟಿಸುವ ಕಾಲ. ವರದಿಗಾರ ತನ್ನ ಪ್ರತಿಯನ್ನು ಡೆಸ್ಕಿಗೆ ಕೊಟ್ಟರೆ ಅವನ ಕೆಲಸ ಮುಗಿಯಿತು.

ಈ ಏರ್ಪಾಡನ್ನು ಬದಲಿಸಿದ್ದು 1985. ಆಲ್ಡಸ್ ಎಂಬ ಸಂಸ್ಥೆ ಆ ವರ್ಷ ಪೇಜ್‌ಮೇಕರ್ ತಂತ್ರಾಂಶವನ್ನು ಹೊರತಂದಿತು. ಅದರ ಸ್ಥಾಪಕ ಪಾಲ್ ಬ್ರೇನರ್ಡ್ ಹಿಂದೆ ಪತ್ರಿಕೆಯೊಂದರಲ್ಲಿ ಕೆಲಸ ಮಾಡಿದ್ದವರು ಎಂಬುದು ಗಮನಿಸಬೇಕಾದ ಸಂಗತಿ. ನಮ್ಮ ಊರೂರುಗಳಲ್ಲಿ ‘ಡಿಟಿಪಿ’ ಎಂಬ ಮೂರಕ್ಷರ ಅಂಗಡಿ ಫಲಕಗಳ ಮೇಲೆ ಏರಿದ್ದು ಇದರ ಫಲವಾಗಿಯೇ. 1999ರಲ್ಲಿ ಅಡೋಬಿ ಸಂಸ್ಥೆಯ ಇನ್‌ಡಿಸೈನ್ ಬಂತು. ನಾಲ್ಕಾರು ಜನ ಮಾಡುತ್ತಿದ್ದ ಕೆಲಸ ಒಂದು ಪರದೆಯ ಮೇಲೆ ಬಂದು ಕುಳಿತಿತು. ಇಂದು ಅನೇಕ ಪತ್ರಿಕೆಗಳಲ್ಲಿ ಉಪಸಂಪಾದಕನೇ ಪುಟ ಕಟ್ಟುತ್ತಾನೆ. ಜಿಲ್ಲಾ ಮಟ್ಟದ ಸಣ್ಣ ಪತ್ರಿಕೆಯಾದರೆ ವರದಿ, ಚಿತ್ರ, ಪುಟ ಎಲ್ಲವೂ ಒಬ್ಬನ ತಲೆಯ ಮೇಲೆಯೇ. ಕೈಗಳು ಕಡಿಮೆಯಾದವು, ಹೊಣೆ ಕಡಿಮೆಯಾಗಲಿಲ್ಲ. ಆ ಹೊಣೆ ಈಗ ಹೊಸದಾಗಿ ಬರುವ ನಮ್ಮಂಥವರ ಪಾಲಿಗೆ ಬಂದಿದೆ.

ಕನ್ನಡದ ಪುಟಕ್ಕೆ ಕನ್ನಡದ್ದೇ ಲೆಕ್ಕ

ವಿನ್ಯಾಸದ ಪಾಠಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಅಲ್ಲಿನ ನಿಯಮಗಳನ್ನು ಹಾಗೆಯೇ ತಂದು ಕನ್ನಡ ಪುಟಕ್ಕೆ ಅಂಟಿಸಿದರೆ ಹೊಂದುವುದಿಲ್ಲ. ಏಕೆಂದರೆ ಅಕ್ಷರಗಳ ಸ್ವಭಾವವೇ ಬೇರೆ.

ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ 1932ರ ಅಕ್ಟೋಬರ್ 3ರಂದು ತನ್ನ ಅಕ್ಷರವಿನ್ಯಾಸವನ್ನೇ ಬದಲಿಸಿತು. ಸ್ಟ್ಯಾನ್ಲಿ ಮಾರಿಸನ್ ಅವರ ಮೇಲ್ವಿಚಾರಣೆಯಲ್ಲಿ ರೂಪುಗೊಂಡ ಆ ಅಕ್ಷರವೇ ಇಂದು ಕಂಪ್ಯೂಟರುಗಳಲ್ಲೆಲ್ಲ ಇರುವ ಟೈಮ್ಸ್ ನ್ಯೂ ರೋಮನ್. ಕಡಿಮೆ ಜಾಗದಲ್ಲಿ ಹೆಚ್ಚು ಪದ ಹಿಡಿಸಬೇಕು, ಆದರೂ ಓದಲು ಹಿತವಾಗಿರಬೇಕು ಎಂಬುದು ಅದರ ಹಿಂದಿನ ಲೆಕ್ಕಾಚಾರ. ಕನ್ನಡದಲ್ಲಿ ಈ ಲೆಕ್ಕ ಇನ್ನೂ ಕಠಿಣ. ನಮ್ಮ ಅಕ್ಷರದ ಮೇಲೆ ಗುಣಿತದ ಗುರುತು ಏರುತ್ತದೆ, ಕೆಳಗೆ ಒತ್ತಕ್ಷರ ಇಳಿಯುತ್ತದೆ. ಮೇಲಿನ ಸಾಲಿನ ‘ಷ್ಟ್ರ’ದ ಒತ್ತು ಕೆಳಗಿನ ಸಾಲಿನ ‘ಕಿ’ಯ ಗುಡಿಸಿಗೆ ತಾಗದಂತೆ ಇರಬೇಕಾದರೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕೇ ಬೇಕು. ಜಾಗ ಉಳಿಸಲೆಂದು ಸಾಲುಗಳನ್ನು ಒತ್ತರಿಸಿದರೆ ಓದುಗನ ಕಣ್ಣು ದಣಿಯುತ್ತದೆ.

ಇನ್ನು ಪದಗಳ ಉದ್ದ. ‘ಮುಖ್ಯಮಂತ್ರಿಯವರೊಂದಿಗಿನ’ ಎಂಬುದು ನಮಗೆ ಒಂದೇ ಪದ. ಸಣ್ಣ ಕಾಲಂನಲ್ಲಿ ಎರಡೂ ಅಂಚು ಸಮವಾಗಿರಬೇಕು ಎಂದು ಹಟ ಹಿಡಿದರೆ ಒಂದು ಸಾಲಿನಲ್ಲಿ ಎರಡೇ ಪದ ಉಳಿದು ನಡುವೆ ದೊಡ್ಡ ತೂತು ಬೀಳುತ್ತದೆ. ಇಂಗ್ಲಿಷಿನಂತೆ ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಹೀಗಾಗಿ ಒಂದು ಪದಕ್ಕೆ ಒತ್ತು ಕೊಡಲು ಅಕ್ಷರದ ದಪ್ಪ, ಗಾತ್ರ ಮತ್ತು ಸುತ್ತಲಿನ ಬಿಳಿ ಜಾಗಗಳನ್ನೇ ನೆಚ್ಚಬೇಕು. ಓರೆ ಅಕ್ಷರ ಇಂಗ್ಲಿಷಿಗೆ ಒಪ್ಪಬಹುದು. ನಮ್ಮ ದುಂಡು ಅಕ್ಷರಗಳನ್ನು ಓರೆ ಮಾಡಿದರೆ ಗಾಳಿಗೆ ವಾಲಿದ ಬೇಲಿಯಂತೆ ಕಾಣುತ್ತವೆ.

ಇವೆಲ್ಲ ಕಣ್ಣಿಗೆ ಗೊತ್ತಾಗುವ ಸಂಗತಿಗಳು. ಸಾಫ್ಟ್‌ವೇರ್ ಇವನ್ನು ತಾನಾಗಿ ಹೇಳಿಕೊಡುವುದಿಲ್ಲ.

ಕಲಿಯಲು ಎಷ್ಟು ಖರ್ಚು?

ಹೆತ್ತವರಿಗೆ ಸಮಾಧಾನದ ಸಂಗತಿ ಎಂದರೆ ಮೊದಲ ಆರು ತಿಂಗಳಿಗೆ ಬೇಕಾದದ್ದು ಒಂದು ಪೆನ್ಸಿಲ್, ಒಂದು ಸ್ಕೇಲ್ ಮತ್ತು ಹಳೆಯ ಪತ್ರಿಕೆಗಳ ಒಂದು ಕಟ್ಟು. ಒಂದೇ ದಿನದ ಮೂರು ಕನ್ನಡ ಪತ್ರಿಕೆಗಳ ಮುಖಪುಟಗಳನ್ನು ಮೇಜಿನ ಮೇಲೆ ಹರಡಿ. ಒಂದೇ ಸುದ್ದಿಯನ್ನು ಯಾರು ಎಲ್ಲಿಟ್ಟರು, ಎಷ್ಟು ಕಾಲಂ ಕೊಟ್ಟರು, ಯಾವ ಚಿತ್ರ ಹಾಕಿದರು, ಶೀರ್ಷಿಕೆಯ ಸಾಲನ್ನು ಎಲ್ಲಿ ಮುರಿದರು ಎಂದು ಗುರುತು ಹಾಕಿ. ಬಿಳಿ ಹಾಳೆಯ ಮೇಲೆ ಆ ಪುಟದ ‘ಡಮ್ಮಿ’ ಬರೆಯಿರಿ. ಆಮೇಲೆ ಅದೇ ಸುದ್ದಿಗಳನ್ನು ನಿಮ್ಮ ಮನಸ್ಸಿಗೆ ಬಂದ ಕ್ರಮದಲ್ಲಿ ಮತ್ತೊಮ್ಮೆ ಹೊಂದಿಸಿ. ನಮ್ಮ ವಿಭಾಗದ ಪ್ರಾಯೋಗಿಕ ಪತ್ರಿಕೆಗೆ ಕೆಲಸ ಮಾಡುವಾಗ ನಾವು ಮೊದಲು ಮಾಡುವುದು ಇದನ್ನೇ. ಹಾಳೆಯ ಮೇಲೆ ಕೂಡದ ಪುಟ ಪರದೆಯ ಮೇಲೂ ಕೂಡುವುದಿಲ್ಲ.

ಇದಾದ ಮೇಲೆ ಕಂಪ್ಯೂಟರ್. ಸ್ಕ್ರೈಬಸ್ ಎಂಬ ಪುಟವಿನ್ಯಾಸದ ತಂತ್ರಾಂಶ, ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶ, ಗಿಂಪ್ ಎಂಬ ಛಾಯಾಚಿತ್ರ ತಿದ್ದುವ ತಂತ್ರಾಂಶ, ಇವು ಮೂರೂ ಉಚಿತವಾಗಿ ಸಿಗುತ್ತವೆ. ಪತ್ರಿಕಾ ಕಚೇರಿಗಳಲ್ಲಿ ಇನ್‌ಡಿಸೈನ್ ಹೆಚ್ಚು ಬಳಕೆಯಲ್ಲಿರುವುದರಿಂದ ಕಾಲೇಜಿನ ಪ್ರಯೋಗಾಲಯದಲ್ಲಿದ್ದರೆ ಅದನ್ನೂ ರೂಢಿಸಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಕನ್ನಡದ ಒತ್ತಕ್ಷರ ಮುರಿದು ಕಾಣುತ್ತಿದ್ದರೆ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬ ಆಯ್ಕೆಯನ್ನು ಒತ್ತಬೇಕು. ಹತ್ತು ಸೆಕೆಂಡಿನ ಈ ಕೆಲಸ ಗೊತ್ತಿಲ್ಲದೆ ದಿನಗಟ್ಟಲೆ ಒದ್ದಾಡುವ ವಿದ್ಯಾರ್ಥಿಗಳಿದ್ದಾರೆ. ನೆನಪಿಡಿ, ತಂತ್ರಾಂಶಗಳು ಬದಲಾಗುತ್ತಲೇ ಇರುತ್ತವೆ. ಒಂದು ಕಾಲಕ್ಕೆ ಎಲ್ಲರೂ ಕಲಿತ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದನ್ನು ಗುಂಡಿಗಳ ಲೆಕ್ಕದಲ್ಲಿ ಕಲಿತವರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಪುಟದ ಲೆಕ್ಕದಲ್ಲಿ ಕಲಿತವರಿಗೆ ಹೊಸ ತಂತ್ರಾಂಶ ಕಷ್ಟವಾಗಲಿಲ್ಲ.

ಈಗ ಪುಟ ಎಂದರೆ ಕಾಗದವೊಂದೇ ಅಲ್ಲ, ಅಂಗೈಯಗಲದ ಮೊಬೈಲ್ ಪರದೆಯೂ ಹೌದು. ಅಲ್ಲಿ ಕಾಲಂ ಒಂದೇ. ಎಂಟು ಕಾಲಂ ಅಗಲದ ಶೀರ್ಷಿಕೆಯ ವೈಭವ ಅಲ್ಲಿ ನಡೆಯುವುದಿಲ್ಲ. ಬೂದು ಹಿನ್ನೆಲೆಯ ಮೇಲೆ ತೆಳು ಬೂದು ಅಕ್ಷರ ಹಾಕಿದರೆ ಬಿಸಿಲಲ್ಲಿ ನಿಂತವನಿಗೆ ಏನೂ ಕಾಣದು. ಜಾಲತಾಣಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ವ್ಯತ್ಯಾಸ ಇರಬೇಕು. ಚಿತ್ರದಲ್ಲಿ ಏನಿದೆ ಎಂಬ ಒಂದು ಸಾಲಿನ ವಿವರಣೆ ಸೇರಿಸಿದರೆ, ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಬಳಸುವ ಅಂಧ ಓದುಗರಿಗೂ ಅದು ತಲುಪುತ್ತದೆ.

ಹುಡುಕಿದರೆ ಸಿಗಬೇಕು

ಈಗ ಎರಡನೆಯ ಪ್ರಶ್ನೆಗೆ ಬರೋಣ. ನಮಗಿಂತ ಹಿರಿಯರಾದ ವಿದ್ಯಾರ್ಥಿನಿಯೊಬ್ಬರು ಓದುವಾಗಲೇ ಸ್ಥಳೀಯ ಪತ್ರಿಕೆಯೊಂದಕ್ಕೆ ಎರಡು ವರ್ಷ ವರದಿ ಬರೆದವರು. ಕತ್ತರಿಸಿ ಅಂಟಿಸಿದ ತುಣುಕುಗಳ ದಪ್ಪ ಕಡತ ಅವರ ಬಳಿ ಇತ್ತು. ಕೆಲಸಕ್ಕೆ ಅರ್ಜಿ ಹಾಕಿದಾಗ ಬಂದ ಉತ್ತರ ಒಂದೇ ಸಾಲು: ‘ನಿಮ್ಮ ಬರಹಗಳ ಕೊಂಡಿ ಕಳುಹಿಸಿ’. ಕಳುಹಿಸಲು ಅವರ ಬಳಿ ಕೊಂಡಿಗಳಿರಲಿಲ್ಲ. ಅಷ್ಟು ಹೊತ್ತಿಗೆ ಪತ್ರಿಕೆಯ ಜಾಲತಾಣದ ಹಳೆಯ ಪುಟಗಳು ತೆರೆಯುತ್ತಿರಲಿಲ್ಲ. ಎರಡು ವರ್ಷದ ದುಡಿಮೆ ಇತ್ತು, ಅದು ಕಾಣುವಂತಿರಲಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಈ ಕಷ್ಟದಲ್ಲಿ ಇನ್ನೊಂದು ಪಾಲು ಇದೆ. ನಮ್ಮ ಡಿಟಿಪಿ ಕಾಲದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಗೀಚು. ಹುಡುಕುವ ಯಂತ್ರಕ್ಕೂ ಅದು ಕನ್ನಡವೆಂದು ತಿಳಿಯದು. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಕಲಿತರೆ ಕನ್ನಡ ಟೈಪಿಂಗ್ ಕೆಲವೇ ವಾರಗಳಲ್ಲಿ ಕೈಗೆ ಹತ್ತುತ್ತದೆ. ಹೀಗಿದ್ದೂ ಇಂದು ಬಹಳಷ್ಟು ವಿದ್ಯಾರ್ಥಿಗಳು ತಮ್ಮ ಲೇಖನವನ್ನು ಪತ್ರಿಕೆಯ ತುಣುಕಿನ ಫೋಟೊ ತೆಗೆದು ಸಾಮಾಜಿಕ ಜಾಲತಾಣಕ್ಕೆ ಏರಿಸಿ ಸುಮ್ಮನಾಗುತ್ತಾರೆ. ಫೋಟೊ ನೋಡಿ ಹತ್ತು ಮಂದಿ ಮೆಚ್ಚಬಹುದು. ಮರುವರ್ಷ ಅದೇ ವಿಷಯ ಹುಡುಕುವವರಿಗೆ ಅದು ಸಿಗುವ ಭರವಸೆಯಿಲ್ಲ. ತುಣುಕಿನ ಜೊತೆ ಪೂರ್ಣ ಪಠ್ಯವನ್ನು ಯೂನಿಕೋಡ್ ಕನ್ನಡದಲ್ಲಿ ಇಡುವುದು ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ಬರಹದ ಆಯುಸ್ಸನ್ನು ಹೆಚ್ಚಿಸುತ್ತದೆ.

ಅದನ್ನು ಎಲ್ಲಿಡಬೇಕು? ಬೇರೆಯವರ ಜಗಲಿಯ ಮೇಲೆ ಅಂಗಡಿ ಹಾಕಿದವನು ಅವರು ಬಾಗಿಲು ಮುಚ್ಚಿದ ದಿನ ಗಂಟು ಕಟ್ಟಬೇಕು. 1994ರಲ್ಲಿ ಹುಟ್ಟಿದ ಜಿಯೋಸಿಟೀಸ್‌ನಲ್ಲಿ ಲಕ್ಷಾಂತರ ಜನ ಸ್ವಂತ ಪುಟಗಳನ್ನು ಮಾಡಿಕೊಂಡಿದ್ದರು. 2009ರಲ್ಲಿ ಅದು ಮುಚ್ಚಿತು. ನಮ್ಮ ಅಣ್ಣಂದಿರು ಅಕ್ಕಂದಿರು ಮುಗಿಬಿದ್ದಿದ್ದ ಆರ್ಕುಟ್ 2014ರಲ್ಲಿ ಹೋಯಿತು. ಗೂಗಲ್ ಪ್ಲಸ್ 2019ರಲ್ಲಿ. ಸಾಮಾಜಿಕ ಜಾಲತಾಣಗಳು ಬೇಡ ಎಂದು ಇದರ ಅರ್ಥವಲ್ಲ. ಅವು ಜನ ಸೇರುವ ಸಂತೆ. ಆದರೆ ಮನೆ ಬೇರೆ ಇರಬೇಕು. ಸ್ವಂತ ಹೆಸರಿನಲ್ಲಿ ಒಂದು ವಿಳಾಸ ಪಡೆಯಲು ವರ್ಷಕ್ಕೆ ಒಂದೆರಡು ಪಠ್ಯಪುಸ್ತಕಗಳ ಬೆಲೆ ಸಾಕು. ಅದೂ ಕಷ್ಟವಾದರೆ ಉಚಿತ ಸೇವೆಯನ್ನೇ ಬಳಸಿ, ಎಲ್ಲ ಬರಹಗಳ ಪ್ರತಿಯನ್ನು ನಿಮ್ಮ ಬಳಿಯೂ ಉಳಿಸಿಕೊಳ್ಳಿ.

ಆ ಮನೆಯಲ್ಲಿ ಏನಿರಬೇಕು? ಬರೆದದ್ದೆಲ್ಲವೂ ಅಲ್ಲ. ಆರಿಸಿದ ಎಂಟೋ ಹತ್ತೋ ಬರಹ. ಪ್ರತಿಯೊಂದಕ್ಕೂ ಶೀರ್ಷಿಕೆ, ಪ್ರಕಟವಾದ ದಿನಾಂಕ, ಪತ್ರಿಕೆಯ ಹೆಸರು. ತಂಡದಲ್ಲಿ ಮಾಡಿದ ಕೆಲಸವಾದರೆ ‘ವರದಿ ನನ್ನದು, ಚಿತ್ರ ಸಹಪಾಠಿಯದು’ ಎಂಬ ಸ್ಪಷ್ಟ ಮಾತು. ಪ್ರಕಟವಾದ ಮೇಲೆ ಏನಾದರೂ ತಿದ್ದಿದ್ದರೆ ಅದರ ಒಂದು ಸಾಲು. ಕಣ್ಣು ಕುಕ್ಕುವ ಹಿನ್ನೆಲೆ, ತಾನಾಗಿ ಮೊಳಗುವ ಹಾಡು, ಓಡುವ ಅಕ್ಷರ ಯಾವುದೂ ಬೇಡ. ಅದನ್ನು ನೋಡಲು ಬರುವ ಸಂಪಾದಕರಿಗೆ ಸಮಯ ಕಡಿಮೆ. 2006ರಲ್ಲಿ ಜಾಕೋಬ್ ನೀಲ್ಸನ್ ಅವರು ಕಣ್ಣಿನ ಚಲನೆಯನ್ನು ಅಳೆದು ಹೇಳಿದಂತೆ, ಜಾಲತಾಣವನ್ನು ನೋಡುವವರ ದೃಷ್ಟಿ ಮೇಲಿನ ಒಂದೆರಡು ಸಾಲುಗಳ ಮೇಲೆ ಅಡ್ಡಲಾಗಿ ಹರಿದು ಆಮೇಲೆ ಎಡ ಅಂಚಿನುದ್ದಕ್ಕೆ ಕೆಳಗಿಳಿಯುತ್ತದೆ. ಆದ್ದರಿಂದ ನಿಮ್ಮ ಅತ್ಯುತ್ತಮ ಬರಹ ಮೇಲೆಯೇ ಇರಲಿ. ಪುಟ ಕಟ್ಟುವಾಗ ಕಲಿತದ್ದು ಇಲ್ಲಿಯೂ ಕೆಲಸಕ್ಕೆ ಬಂತು ನೋಡಿ.

ಹೆತ್ತವರಿಗೆ ಒಂದು ಮಾತು

ಮಗಳ ಹೆಸರು, ಭಾವಚಿತ್ರ ಅಂತರಜಾಲದಲ್ಲಿ ಇರುವುದೆಂದರೆ ಮನೆಯವರಿಗೆ ದಿಗಿಲಾಗುವುದು ಸಹಜ. ಆ ದಿಗಿಲನ್ನು ನಕ್ಕು ತಳ್ಳಿಹಾಕಬೇಕಾಗಿಲ್ಲ. ಆದರೆ ‘ಏನೂ ಹಾಕಬೇಡ’ ಎನ್ನುವುದು ಪರಿಹಾರವಲ್ಲ. ಬರಹಕ್ಕೆ ಹೆಸರು ಇರಲಿ. ಮನೆಯ ವಿಳಾಸ, ಫೋನ್ ನಂಬರ್, ಹುಟ್ಟಿದ ದಿನಾಂಕ, ದಿನನಿತ್ಯ ಓಡಾಡುವ ಜಾಗಗಳ ವಿವರ ಬೇಡ. ಸಂಪರ್ಕಕ್ಕೆ ಕೆಲಸಕ್ಕೆಂದೇ ತೆರೆದ ಒಂದು ಇ-ಮೇಲ್ ಸಾಕು. ಕುಟುಂಬದ ಚಿತ್ರಗಳಿಗೂ ವೃತ್ತಿಯ ಪುಟಕ್ಕೂ ಸಂಬಂಧವೇ ಇರಬಾರದು.

ವಿದ್ಯಾರ್ಥಿಗಳೂ ಒಂದು ವಿಷಯ ಮರೆಯಬಾರದು. ನಿಮ್ಮ ಪುಟ್ಟ ಪುಟಕ್ಕೂ ಪತ್ರಿಕೆಗಿರುವ ಕಟ್ಟುಪಾಡುಗಳಿವೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತನ್ನು ಮಾಧ್ಯಮ ಬಹಿರಂಗಪಡಿಸುವುದನ್ನು 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ನಿಷೇಧಿಸುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಗುರುತು ಎಂದರೆ ಹೆಸರಷ್ಟೇ ಅಲ್ಲ. ಮನೆಯ ಮುಂಭಾಗದ ಒಂದು ಚಿತ್ರ, ಶಾಲೆಯ ಸಮವಸ್ತ್ರದ ಒಂದು ತುದಿ ಸಾಕು, ಊರಿನವರಿಗೆ ತಿಳಿದುಹೋಗುತ್ತದೆ. ಯಾವ ಚಿತ್ರ ಹಾಕಬಾರದು ಎಂದು ತೀರ್ಮಾನಿಸುವುದೂ ವಿನ್ಯಾಸದ ಕೆಲಸವೇ, ಬಹುಶಃ ಅತ್ಯಂತ ಮುಖ್ಯವಾದ ಕೆಲಸ.

ಮಗ ರಾತ್ರಿ ಕಂಪ್ಯೂಟರ್ ಮುಂದೆ ಕುಳಿತು ಶೀರ್ಷಿಕೆಯೊಂದನ್ನು ಅತ್ತಿತ್ತ ಸರಿಸುತ್ತಿದ್ದರೆ ಅದು ಕಾಲಹರಣವೋ ಕಲಿಕೆಯೋ ಎಂದು ತಿಳಿಯುವುದು ಹೇಗೆ? ಒಂದೇ ಪ್ರಶ್ನೆ ಕೇಳಿ: ‘ಇದನ್ನು ಇಲ್ಲಿ ಯಾಕೆ ಇಟ್ಟೆ?’ ‘ಚೆನ್ನಾಗಿ ಕಾಣುತ್ತದೆ’ ಎಂದರೆ ಕಲಿಯುವುದು ಇನ್ನೂ ಇದೆ. ‘ಓದುವವರಿಗೆ ಮೊದಲು ಇದು ತಿಳಿಯಬೇಕು, ಅದಕ್ಕೆ’ ಎಂದರೆ ನಿಶ್ಚಿಂತೆಯಿಂದ ಮಲಗಿ. ಅವನು ಪತ್ರಿಕೋದ್ಯಮವನ್ನೇ ಕಲಿಯುತ್ತಿದ್ದಾನೆ.